ಕತ್ತು ಚಾಚಿ ಕೇಳುತ್ತಿದ್ದ ಮೇಷ್ಟ್ರು

೧೯೪೧ನೇ ಇಸವಿ ಮಾರ್ಚ್ ೯, ಭಾನುವಾರ, ಹುಣಸೂರು. ಬೆಳಿಗ್ಗೆ ಏಳೂಕಾಲು ಗಂಟೆಗೆ ಬರೆಯಲು ಕುಳಿತೆ.

ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಸಾಹೇಬ್ ಮೇಷ್ಟ್ರ ಕತ್ತು ಕೋಟಿನ ಕಾಲರಿನಿಂದ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಕತ್ತಿನ ಜೊತೆಗೆ ಕೆಂಪು ತುರ್ಕಿ ಟೋಪಿಯೂ ಮುಂದಕ್ಕೆ ಬಾಗಿ, ಅದರ ಕಪ್ಪು ಕುಚ್ಚು ಹಿಂದಿನಿಂದ ಜಾರಿ ಹಣೆಯ ಮೇಲೆ ಬೀಳುತ್ತಿತ್ತು. ಅದನ್ನು ಅವರು ಸರಿಮಾಡಿಕೊಳ್ಳುತ್ತಿರಲಿಲ್ಲ. ಹುಬ್ಬು ಮೇಲಕ್ಕೇರಿಸಿ, ಮಾತಾಡುವವರ ಬಾಯಿಯನ್ನೇ ನೋಡುತ್ತ, ಮಾತು ಮುಗಿಯುವವರೆಗೆ ಹಾಗೆಯೇ ನಿಂತಿರುತ್ತಿದ್ದರು. ನಾನು ಕಂಪಲಾಪುರದಿಂದ ಬಂದು ಈ ಊರಿನ ಮಿಡ್ಲ್ ಸ್ಕೂಲಿನಲ್ಲಿ ಅಸಿಸ್ಟೆಂಟ್ ಮೇಷ್ಟ್ರಾಗಿ ಸೇರಿದ ದಿನ ನನ್ನ ಹೆಸರು ಊರು ಹೇಳುತ್ತಿರುವಾಗ ಅವರು ಹೀಗೆ ನೋಡಿದ್ದಕ್ಕೆ, ಹಲ್ಲಿನಲ್ಲಿ ಸೊಪ್ಪೇನಾದರೂ ಸಿಕ್ಕಿಕೊಂಡಿದೆಯೋ ಎಂದು ನಾನು ಎರಡು ಸಲ ಬಾಯಿ ಒರೆಸಿಕೊಂಡೆ.

"ಕೈ ತೆಗೀರಿ ಮೇಷ್ಟ್ರೇ, ಕೈ ತೆಗೀರಿ," ಎಂದರು ಅವರು. "ಹೆಸರು ಅರ್ಧ ಕೈಯೊಳಗೇ ಉಳ್ಕೊಂತು."

ಅವರು ನಮ್ಮ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಊರಿನವರ ಬಾಯಲ್ಲಿ ಸಾಹೇಬ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ನನಗೆ ಅವರ ಜೊತೆ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಡನಾಟ. ಅದರಲ್ಲಿ ಹೆಚ್ಚಿನ ಕಾಲ ಒಂದೇ ತರಗತಿಯಲ್ಲಿ, ಒಂದೇ ಹೊತ್ತಿಗೆ, ಇಬ್ಬರೂ ಪಾಠ ಮಾಡಿದೆವು. ಒಂದು ತರಗತಿಗೆ ಇಬ್ಬರು ಮೇಷ್ಟ್ರು ಏಕೆ ಎಂದು ಕೇಳುವವರು ಇದ್ದಾರೆ. ಅದನ್ನು ಸರಿಯಾಗಿ ಬರೆದಿಡಬೇಕೆಂದು ಕುಳಿತಿದ್ದೇನೆ.

ಅವರ ಮನೆತನ ಗಾಡಿ ಮಾಡುವವರದು. ಬಜಾರಿನ ಕೊನೆಯಲ್ಲಿ ಅವರ ಅಣ್ಣನ ಕಾರ್ಖಾನೆ ಈಗಲೂ ಇದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸುವ ದಿನ ಆ ಬೀದಿಯಲ್ಲಿ ಹೊಗೆ, ಸುತ್ತಿಗೆಯ ಸದ್ದು, ಅದನ್ನೂ ಮೀರಿಸುವ ಅಣ್ಣನವರ ಗಂಟಲು. "ನಿಗಾ ಇಟ್ಟು ಹೊಡೀರೋ! ನಿಗಾ!" ಎಂದು ಆಳುಗಳನ್ನು ಗದರುತ್ತಿರುತ್ತಾರೆ. ಆ ಮನೆಯಲ್ಲಿ ಕಿರಿಯವನೊಬ್ಬ ಸುತ್ತಿಗೆ ಬಿಟ್ಟು ಪುಸ್ತಕ ಹಿಡಿದ. ಮೈಸೂರಿನಲ್ಲಿ ಓದಿ, ಮೊದಲ ನೇಮಕವೇ ಹೆಗ್ಗಡದೇವನಕೋಟೆ ಕಡೆ ಆಗಿ, ಬಹಳ ಕಾಲ ಎನ್. ಬೇಗೂರಿನ ಸ್ಕೂಲಿನಲ್ಲಿದ್ದು, ಆಮೇಲೆ ಸ್ವಂತ ಊರಿಗೆ ವರ್ಗವಾಗಿ ಬಂದರು. ಇಷ್ಟು ಎಲ್ಲರಿಗೂ ಗೊತ್ತು.

ಊರಿನವರು ಅವರನ್ನು ಬಹಳ ದೊಡ್ಡ ಮನುಷ್ಯ ಎನ್ನುತ್ತಿದ್ದರು. ಅದಕ್ಕೆ ಒಂದು ಕಾರಣವಿತ್ತು. ನಮ್ಮ ಕಡೆ ಹಿರಿಯರ ಎದುರು, ಸರ್ಕಾರದವರ ಎದುರು ಮಾತಾಡುವಾಗ ಬಲಗೈಯನ್ನೋ ಹೆಗಲ ಮೇಲಿನ ವಸ್ತ್ರದ ಸೆರಗನ್ನೋ ಬಾಯಿಗೆ ಅಡ್ಡ ಹಿಡಿಯುವುದು ಮರ್ಯಾದೆ. ಉಸಿರು ತಾಗಬಾರದು, ಎಂಜಲು ಸಿಡಿಯಬಾರದು. ಮಕ್ಕಳಿಗೆ ಇದನ್ನು ನಮಸ್ಕಾರ ಕಲಿಸುವಾಗಲೇ ಕಲಿಸುತ್ತಾರೆ. ಆದರೆ ಸಾಹೇಬ್ ಮೇಷ್ಟ್ರು ಯಾರಿಗೂ ಬಾಯಿ ಮುಚ್ಚಿಕೊಳ್ಳಲು ಬಿಡುತ್ತಿರಲಿಲ್ಲ. ಹನಗೋಡಿನ ಕಡೆಯ ಮುದುಕ ರೈತನೊಬ್ಬ ಮಗನನ್ನು ಸ್ಕೂಲಿಗೆ ಸೇರಿಸಲು ಬಂದು, ಟವಲನ್ನು ಬಾಯಿಗೊತ್ತಿ, ಸೊಂಟ ಬಗ್ಗಿಸಿ ನಿಂತಿದ್ದ. ಮೇಷ್ಟ್ರು ತಾವೇ ಹೋಗಿ ಆ ಟವಲನ್ನು ಕೆಳಗೆ ಎಳೆದರು.

"ಬಾಯಿ ಬುಡ್ರೀ ಯಜಮಾನ್ರೇ. ನಾನೇನು ಅಮಲ್ದಾರನಾ?"

"ಅಂಗಂದ್ರೆ ಎಂಗೆ ಬುದ್ದೀ? ತಾವು ಇದ್ಯೆ ಕಲಿಸೋರು."

"ನೀವು ಬಾಯಿ ಮುಚ್ಕೊಂಡ್ರೆ ನಾನು ಕಲಿಸೋದು ಎಂಗೆ? ನಿಮ್ಮ ಮಗಂಗೂ ಹೇಳಿ. ನನ್ನ ಕ್ಲಾಸಲ್ಲಿ ಕೈ ಮಡಿಚಿ ತೊಡೆ ಮೇಲೆ."

ಮುದುಕ ಹೊರಗೆ ಹೋಗಿ ಜೊತೆಯವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಎಂತಾ ದೊಡ್ಡ ಗುಣ ಕಣ್ಲಾ! ಒಂದಿಷ್ಟು ದೊಡ್ಡಸ್ತಿಕೆ ಇಲ್ಲ." ಊರೆಲ್ಲ ಇದನ್ನೇ ನಂಬಿತ್ತು. ನಾನೂ ನಂಬಿದ್ದೆ. ಹೆಡ್‌ಮೇಷ್ಟ್ರು ಮಾತ್ರ ಇದನ್ನು ಗುಣ ಎನ್ನುತ್ತಿರಲಿಲ್ಲ, ಸಲಿಗೆ ಎನ್ನುತ್ತಿದ್ದರು. ಶಿಸ್ತಿನ ಮನುಷ್ಯ ಅವರು. ಹುಡುಗರು ದೊಡ್ಡವರ ಮುಖಕ್ಕೆ ಮುಖ ಕೊಟ್ಟು ಮಾತಾಡುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ನನ್ನ ತರಗತಿಗೂ ಅವರ ತರಗತಿಗೂ ನಡುವೆ ಬಿದಿರಿನ ತಟ್ಟಿ. ಅವರ ಪಾಠವೆಲ್ಲ ನನಗೂ ಕೇಳಿಸುತ್ತಿತ್ತು. ಒಂದು ದಿನ ಇಂಗ್ಲಿಷ್ ರೀಡರ್ ಪುಸ್ತಕದಲ್ಲಿ 'ಅಟೆನ್ಷನ್' ಎಂಬ ಮಾತು ಬಂತು. ಅರ್ಥ ಯಾರಿಗೆ ಗೊತ್ತು ಎಂದು ಕೇಳಿದರು. ಬೆಂಚು ಸರಿದ ಸದ್ದಾಯಿತು, ಆಮೇಲೆ ನಗು. ತಟ್ಟಿಯ ಸಂದಿಯಲ್ಲಿ ನೋಡಿದೆ. ಮಾದೇವ ಎಂಬ ಹುಡುಗ ಎದ್ದು, ಹಿಮ್ಮಡಿ ಕೂಡಿಸಿ, ಎದೆ ಉಬ್ಬಿಸಿ, ಎರಡು ಕೈಯನ್ನೂ ತೊಡೆಗೆ ಅಂಟಿಸಿ ಕಂಬದ ಹಾಗೆ ನಿಂತಿದ್ದ.

"ಇದೇನೋ?"

"ಅಟೆನ್ಷನ್ ಸಾ. ಡ್ರಿಲ್ ಮೇಷ್ಟ್ರು ಇಂಗೆ ನಿಂತ್ಕೋಬೇಕು ಅಂದವ್ರೆ."

"ಸರಿ. ಇಂಗೆ ನಿಂತ್ಕೊಂಡಾಗ ಒಳಗೆ ಏನು ಯೋಚ್ನೆ ಮಾಡ್ತಿರ್ತೀಯ?"

ಮಾದೇವ ಅಲುಗದೆ ನಿಂತೇ, "ಯಾವಾಗ ಬುಡ್ತಾರೋ ಅಂತ ಸಾ," ಎಂದ.

ಮೇಷ್ಟ್ರು ಮೇಜು ಬಡಿದು ನಕ್ಕರು. ಆಮೇಲೆ ಹುಡುಗರಿಗೆ ಒಂದು ಪ್ರಶ್ನೆ ಹಾಕಿದರು: ಆನೆ ಹಿಡಿಯುವ ಖೆಡ್ಡಾ ನಡೆದಾಗ ಕಾಕನಕೋಟೆ ಕಾಡಿನಲ್ಲಿ ದೊರೆಗಳಿಗೆ ಹಾಕಿದ ಟೆಂಟನ್ನು ಯಾರು ನೋಡಿದ್ದೀರಿ? ಇಬ್ಬರು ಕೈ ಎತ್ತಿದರು. ಟೆಂಟು ಹೇಗೆ ನಿಲ್ಲುತ್ತದೆ? ಬಟ್ಟೆಯನ್ನು ಹಗ್ಗದಿಂದ ಎಳೆದು ಬಿಗಿದರೆ ನಿಲ್ಲುತ್ತದೆ. ಹಾಗಾದರೆ ಕೇಳಿ ಎಂದು ಅವರು ಬಿಡಿಸಿ ಹೇಳಿದರು. ಇಂಗ್ಲಿಷಿನವರಿಗೆ ಈ ಮಾತುಗಳು ಬಂದದ್ದು ಲ್ಯಾಟಿನ್ ಎಂಬ ಹಳೆಯ ಭಾಷೆಯಿಂದ, ಫ್ರೆಂಚರ ಬಾಯಿ ಹಾದು. 'ಟೆಂಡೆರೆ' ಎಂದರೆ ಎಳೆಯುವುದು, ಚಾಚುವುದು. ಟೆಂಟು ಅದರ ಮಗು. 'ಆಡ್' ಎಂದರೆ ಕಡೆಗೆ. ಎರಡೂ ಸೇರಿ 'ಅಟೆಂಡ್' ಆಯಿತು, ಅದರಿಂದ 'ಅಟೆನ್ಷನ್'. ಅಂದರೆ ಒಂದರ ಕಡೆಗೆ ತನ್ನನ್ನು ಚಾಚಿಕೊಳ್ಳುವುದು.

"ನಿಂತ್ಕೊಳ್ಳೋದು ಅಲ್ಲ ಕಣ್ರೋ. ನಿಂತ ಜಾಗದಿಂದ ಹೊರಗೆ ಬರೋದು," ಎಂದರು. "ಮಾದೇವ, ಡ್ರಿಲ್‌ನಲ್ಲಿ ಡ್ರಿಲ್ ಮೇಷ್ಟ್ರು ಹೇಳ್ದಂಗೆ ನಿಂತ್ಕೋ. ನನ್ನ ಕ್ಲಾಸಲ್ಲಿ ಮಾತ್ರ ಈ ಅರ್ಥ."

ನನಗೆ ಪದಗಳ ಹುಚ್ಚು ಹತ್ತಿದ್ದು ಅಂದಿನಿಂದ. ಸಂಜೆ ಸ್ಕೂಲು ಬಿಟ್ಟ ಮೇಲೆ ಲಕ್ಷ್ಮಣತೀರ್ಥದ ದಂಡೆಯ ಮೇಲೆ ಅವರ ಜೊತೆ ನಡೆಯುವುದು ವಾಡಿಕೆಯಾಯಿತು. ಊರು ಬಿಟ್ಟುಹೋದ ಕಾಫಿ ತೋಟದ ದೊರೆಯೊಬ್ಬರ ಸಾಮಾನು ಹರಾಜಾದಾಗ ಅವರು ಕೊಂಡ ದೊಡ್ಡ ನಿಘಂಟು ಅವರ ಮನೆಯಲ್ಲಿತ್ತು. ಹಗಲು ಅದರಲ್ಲಿ ನೋಡಿದ್ದನ್ನು ಸಂಜೆ ಹೇಳುತ್ತಿದ್ದರು: ಇಂಗ್ಲಿಷಿನವನು ಅಟೆನ್ಷನ್ ಎಂದು ಚಾಚುತ್ತಾನೆ. ನಮ್ಮ ಅಣ್ಣ ನಿಗಾ ಎನ್ನುತ್ತಾನೆ, ಅದು ಫಾರ್ಸಿ ಮಾತು, ನಿಗಾ ಎಂದರೆ ನೋಟ, ಅವನು ನೋಡುತ್ತಾನೆ. ನೀವು ಕನ್ನಡದವರು ಗಮನ ಎನ್ನುತ್ತೀರಿ. ಗಮನ ಎಂದರೆ ಸಂಸ್ಕೃತದಲ್ಲಿ ಏನು? ಹೋಗುವುದು ಎಂದೆ. "ನೋಡಿ ಮತ್ತೆ! ಒಬ್ಬ ಕೈ ಚಾಚ್ತಾನೆ, ಒಬ್ಬ ಕಣ್ಣು ಕಳಿಸ್ತಾನೆ, ನೀವು ಎದ್ದು ಹೊರಟೇಬಿಡ್ತೀರಿ! ಮೂವರಲ್ಲಿ ಒಬ್ಬನೂ ಕೂತಲ್ಲೇ ಕೂರೋನಿಲ್ಲ ಕಣ್ರೀ."

ಈ ನಡಿಗೆಯಲ್ಲಿ ನಾನು ಒಂದು ಸಂಗತಿ ಗುರುತಿಸಿದೆ. ಬೆಳಕು ಇರುವವರೆಗೆ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕತ್ತಲಾಗುತ್ತ ಬಂದ ಹಾಗೆ ಅವರು ಕೇಳುವುದನ್ನು ನಿಲ್ಲಿಸಿ, ತಾವೇ ಎಡೆಬಿಡದೆ ಮಾತಾಡುತ್ತಿದ್ದರು. ಎಲ್ಲ ಸಂಜೆಯೂ ಹೀಗೆಯೇ. ಒಂದು ಸಂಜೆ ಮಳೆ ಮೋಡ ಕವಿದು ಬೇಗ ಕಪ್ಪಾಯಿತು. ಅವರು 'ಟೆಂಡೆರೆ'ಯ ಇನ್ನೊಂದು ಮಗುವಿನ ಕಥೆ ಹೇಳುತ್ತಿದ್ದರು. ನಾನು ನಡುವೆ, ನಾಳೆ ಮೈಸೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವರು ಟೆಂಡೆರೆ ಬಿಡಲಿಲ್ಲ. ಇನ್ನೊಮ್ಮೆ ಕೇಳಿದೆ. ಬಿಡಲಿಲ್ಲ. ನಾನು ನಿಂತೆ. ಅವರು ಮಾತಾಡುತ್ತಲೇ ಮುಂದೆ ಹೋದರು. "ಸಾರ್!" ಎಂದು ಜೋರಾಗಿ ಕೂಗಿದೆ. ಆಚೆ ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನು ತಿರುಗಿ ನೋಡಿದ. ಇವರು ತಿರುಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ನಾನಿಲ್ಲದ್ದು ತಿಳಿದು ಹಿಂದಿರುಗಿದರು. ನನ್ನ ಮುಖಕ್ಕೆ ಒಂದು ಗೇಣು ಹತ್ತಿರ ಬಂದು ನಿಂತರು.

"ಗೊತ್ತಾಯ್ತಾ?" ಎಂದರು.

ನಾನು ತಲೆಯಾಡಿಸಿದೆ.

"ಬೇಗೂರಿನ ಜ್ವರ. ಎಲ್ಲ ಮೇಷ್ಟ್ರಿಗೂ ಬರೋದು, ನನಗೆ ವರ್ಷಾವರ್ಷ ಬಂತು. ಕ್ವಿನೈನು ತಿಂದೆ. ತಿಂದೆ ಅಂದ್ರೆ ಅನ್ನಕ್ಕಿಂತ ಹೆಚ್ಚು ಅದನ್ನೇ ತಿಂದೆ. ಜೀವ ಉಳೀತು. ಮೊದಲು ಕಿವಿಯೊಳಗೆ ಒಂದು ಜೀರುಂಡೆ ಬಂದು ಕೂತ್ಕೊಂತು. ಹಗಲೂ ರಾತ್ರಿ ಕೊರೆಯೋದು. ಆಮೇಲೆ ಒಂದು ದಿನ ಜೀರುಂಡೆನೂ ಇಲ್ಲ, ಸುಮಾರು ಏನೂ ಇಲ್ಲ. ದೊಡ್ಡ ಸದ್ದು ಎದೆಗೆ ತಾಗುತ್ತೆ, ಅಷ್ಟೆ. ಮಿಕ್ಕಿದ್ದೆಲ್ಲ ತುಟಿ ನೋಡಿ."

ಒಂಬತ್ತು ವರ್ಷದಿಂದ ಅವರು ಹಾಗೆಯೇ ಪಾಠ ಮಾಡುತ್ತಿದ್ದರು. ಹುಡುಗರಿಗೆ ಗೊತ್ತಿಲ್ಲ, ಹೆಡ್‌ಮೇಷ್ಟ್ರಿಗೆ ಗೊತ್ತಿಲ್ಲ, ಸ್ವಂತ ಅಣ್ಣನಿಗೂ ಗೊತ್ತಿಲ್ಲ. ಅಣ್ಣ ಯಾವಾಗಲೂ ಕಿರುಚುವುದರಿಂದ, ತಮ್ಮನಿಗೆ ಕೇಳಿಸುವುದಿಲ್ಲ ಎಂದು ಅವರಿಗೆ ತೋರಲೇ ಇಲ್ಲ.

"ಹೆಡ್‌ಮೇಷ್ಟ್ರಿಗೆ ತಿಳಿದ್ರೆ ಇಂಗ್ಲಿಷ್ ಕ್ಲಾಸು ಹೋಗುತ್ತೆ," ಎಂದರು. "ಸಂಬಳ ನಿಲ್ಲಿಸಲ್ಲ. ಒಳ್ಳೆ ಮನುಷ್ಯ. ಆಫೀಸ್ ರೂಮಲ್ಲಿ ಸೀಮೆಸುಣ್ಣ ಹಂಚೋ ಕೆಲಸ ಕೊಡ್ತಾರೆ. ಅಷ್ಟಕ್ಕೆ ನಾನು ಸತ್ತಂಗೇ ಕಣ್ರೀ. ಹುಡುಗ್ರು ಓದೋದು ನೋಡ್ದೆ ನಾನು ಬದುಕೋದು ಯಾಕೆ?"

ಯಾರಿಗೂ ಹೇಳುವುದಿಲ್ಲ ಎಂದೆ. ಕತ್ತಲಾಗಿತ್ತು. ಅವರಿಗೆ ಕಾಣಲಿಲ್ಲ. ಅವರ ಕೈ ಹಿಡಿದು ಒತ್ತಿದೆ.

ಅಂದಿನಿಂದ ನಾನು ಅವರನ್ನು ಬೇರೆ ಕಣ್ಣಿನಿಂದ ನೋಡಿದೆ. ಅವರ ಕೆಲಸದ ರೀತಿ ಆಗ ಅರ್ಥವಾಯಿತು. ಹುಡುಗ ಓದುವಾಗ ಅವರು ಮೇಜಿನ ಹತ್ತಿರ ಇರುತ್ತಿರಲಿಲ್ಲ, ಅವನ ಬೆಂಚಿಗೇ ಹೋಗಿ ಬಾಗುತ್ತಿದ್ದರು. ಬೆಳಕು ಹುಡುಗನ ಮುಖಕ್ಕೆ ಬೀಳುವಂತೆ ಅವನನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದರು. ರೀಡರಂತೂ ಅವರಿಗೆ ಬಾಯಿಪಾಠ. "ಪ, ಬ, ಮ ಮೂರೂ ತುಟಿ ಮೇಲೆ ಅಣ್ಣತಮ್ಮಂದಿರು, ಗುರುತು ಹಿಡಿಯೋಕಾಗಲ್ಲ. ಪಾಠ ಗೊತ್ತಿದ್ರೆ ಯಾರು ಬಂದ ಅಂತ ಗೊತ್ತಾಗುತ್ತೆ," ಎನ್ನುತ್ತಿದ್ದರು. ನಮ್ಮ ತಾಲ್ಲೂಕಿನ ಹುಡುಗರು 'ಫಾದರ್' ಎನ್ನಲಾರದೆ 'ಪಾದರ್' ಎನ್ನುತ್ತಾರೆ. ಅವರ ಹುಡುಗರು ಎನ್ನುತ್ತಿರಲಿಲ್ಲ. ಮೇಲಿನ ಹಲ್ಲು ಕೆಳತುಟಿಗೆ ತಾಗಲಿಲ್ಲ ಎಂದರೆ ಅವರ ಬೆರಳು ಅಲ್ಲಿಗೆ ಬರುತ್ತಿತ್ತು. ಮಿಕ್ಕ ಮೇಷ್ಟ್ರುಗಳು ಬೋರ್ಡಿಗೆ ಮುಖ ಮಾಡಿ, ಬರೆಯುತ್ತಲೇ ಪಾಠ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಅವರು ಬರೆಯುವಾಗ ಬರೆಯುತ್ತಿದ್ದರು, ಮಾತಾಡುವಾಗ ತಿರುಗಿ ಮಾತಾಡುತ್ತಿದ್ದರು. ತನಗೆ ಬೇಕಾದದ್ದು ಹುಡುಗನಿಗೂ ಬೇಕು ಎಂದು ಅವರು ತಿಳಿದಿದ್ದರು.

ಇನ್‌ಸ್ಪೆಕ್ಷನ್ ಬಂದದ್ದು ಮುಂದಿನ ಚಳಿಗಾಲದಲ್ಲಿ. ಹಿಂದಿನ ವರ್ಷಗಳಲ್ಲಿ ಬರುತ್ತಿದ್ದ ಇನ್‌ಸ್ಪೆಕ್ಟರರು ರಿಜಿಸ್ಟರು ನೋಡಿ, ಎಳನೀರು ಕುಡಿದು ಹೋಗುತ್ತಿದ್ದರಂತೆ. ಈ ಸಲದವರು ಹೊಸಬರು, ಪ್ರತಿ ತರಗತಿಯಲ್ಲೂ ಹುಡುಗರಿಂದ ಓದಿಸುತ್ತಾರೆ ಎಂದು ಸುದ್ದಿ ಬಂದಿತ್ತು. ಹಿಂದಿನ ಮಧ್ಯಾಹ್ನ ನನ್ನನ್ನು ಪ್ರವಾಸಿ ಬಂಗಲೆಗೆ ಅವರ ವ್ಯವಸ್ಥೆ ನೋಡಿಕೊಳ್ಳಲು ಕಳಿಸಿದ್ದರು. ಆ ಹೊತ್ತಿನಲ್ಲಿ ಹೆಡ್‌ಮೇಷ್ಟ್ರು ಎಲ್ಲ ಹುಡುಗರನ್ನೂ ಅಂಗಳದಲ್ಲಿ ಕೂಡಿಸಿ ಹೀಗೆ ಹೇಳಿದರಂತೆ: "ನಾಳೆ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಬಾಯಿ ತೆರೆಯುವಾಗ ಎಲ್ಲರ ಕೈಯೂ ಬಾಯಿಗೆ ಅಡ್ಡ ಇರಬೇಕು. ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತ ಸಲಿಗೆಯನ್ನು ನಾಳೆ ಒಂದು ದಿನ ಮನೆಯಲ್ಲಿ ಬಿಟ್ಟು ಬನ್ನಿ." ಸಾಹೇಬ್ ಮೇಷ್ಟ್ರು ಅಲ್ಲಿಯೇ ಇದ್ದರು. ಆದರೆ ಹೆಡ್‌ಮೇಷ್ಟ್ರ ಬೆನ್ನ ಹಿಂದೆ ಇದ್ದರು.

ಮಾರನೆಯ ದಿನ ಇನ್‌ಸ್ಪೆಕ್ಟರರು ಜರಿ ಪೇಟ, ಮುಚ್ಚುಕೋಟು ಧರಿಸಿ ಇಂಗ್ಲಿಷ್ ತರಗತಿಗೆ ಬಂದು ಕುರ್ಚಿಯಲ್ಲಿ ಕುಳಿತರು. ಅವರ ಹಿಂದೆ ಹೆಡ್‌ಮೇಷ್ಟ್ರು, ಅವರ ಪಕ್ಕದಲ್ಲಿ ರಿಜಿಸ್ಟರು ಹಿಡಿದು ನಾನು. ಮಾದೇವನಿಗೆ ಓದಲು ಹೇಳಿದರು. ಅವನು ಎದ್ದು, ಎಡಗೈಯಲ್ಲಿ ಪುಸ್ತಕ ಹಿಡಿದು, ಬಲಗೈಯನ್ನು ನೀಟಾಗಿ ಬಾಯಿಗೆ ಅಡ್ಡ ಇಟ್ಟುಕೊಂಡು ಓದಲು ಶುರುಮಾಡಿದ.

ಮೇಷ್ಟ್ರು ಕತ್ತು ಚಾಚಿದರು. ಟೋಪಿಯ ಕುಚ್ಚು ಹಣೆಗೆ ಬಿತ್ತು. ಅವರಿಗೆ ಕಂಡದ್ದು ಐದು ಬೆರಳು.

"ಕೈ ತೆಗೆಯೋ," ಎಂದರು.

ಮಾದೇವ ಅವರ ಹೆಗಲಿನ ಆಚೆ ನೋಡಿದ. ಹೆಡ್‌ಮೇಷ್ಟ್ರು ಕಣ್ಣು ಅಗಲಿಸಿ, ಬೇಡ ಎಂದು ತಲೆಯಾಡಿಸಿದರು. ಕೈ ಅಲ್ಲೇ ಉಳಿಯಿತು. ಗಾಬರಿಯಲ್ಲಿ ಹುಡುಗ ಒಂದು ಇಡೀ ಸಾಲನ್ನೇ ಹಾರಿಸಿ ಮುಂದಿನದನ್ನು ಓದಿದ. ಮೇಷ್ಟ್ರು ತಿದ್ದಲಿಲ್ಲ.

ಇನ್‌ಸ್ಪೆಕ್ಟರರು ಪುಸ್ತಕ ಮುಚ್ಚಿದರು. "ಯೂ ಆರ್ ನಾಟ್ ಅಟೆಂಡಿಂಗ್, ಮೇಷ್ಟ್ರೇ," ಎಂದರು.

ಆ ಮಾತು ಮೇಷ್ಟ್ರಿಗೆ ಕಂಡಿತು. ಮುಖದ ಬಣ್ಣ ಇಳಿಯಿತು. ಇನ್‌ಸ್ಪೆಕ್ಟರರ ಬೆನ್ನ ಹಿಂದೆ ನಿಂತಿದ್ದ ನಾನು ತಡೆಯಲಾರದೆ, ದನಿ ಹೊರಡಿಸದೆ, ತುಟಿ ಮಾತ್ರ ಆಡಿಸಿ ಹೇಳಿದೆ: ಒಂದು ಸಾಲು ಬಿಟ್ಟ. ಅವರು ನನ್ನ ತುಟಿ ನೋಡಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ತಿಳಿಯಿತು. ಅಷ್ಟು ಸಾಕಾಗಿತ್ತು. 'ಹುಡುಗನಿಗೆ ಹೆದರಿಕೆ ಆಗದಿರಲೆಂದು ಸುಮ್ಮನಿದ್ದೆ, ಸಾಲು ಬಿಟ್ಟದ್ದು ಗೊತ್ತು' ಎಂದು ಅವರು ಹೇಳಿದ್ದರೆ ಅಂದಿನ ದಿನ ದಾಟುತ್ತಿತ್ತು.

ಅವರು ಹಾಗೆ ಹೇಳಲಿಲ್ಲ. ಟೋಪಿ ಸರಿಮಾಡಿಕೊಂಡು, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. ಅದರ ಕನ್ನಡ ಹೀಗೆ: "ಸ್ವಾಮಿ, ಹುಡುಗ ಒಂದು ಸಾಲು ಬಿಟ್ಟನೆಂದು ತಮ್ಮ ಹಿಂದೆ ನಿಂತಿರುವ ನನ್ನ ತರುಣ ಸ್ನೇಹಿತರು ಈಗ ತಾನೇ ತಿಳಿಸಿದರು. ನನಗೆ ಕಿವಿ ಕೇಳಿಸುವುದಿಲ್ಲ. ಆದರೆ ನಾನು ಅಟೆಂಡ್ ಮಾಡುತ್ತಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಮಾತಿನ ಮೂಲ ಅರ್ಥ ಚಾಚುವುದು. ಒಂಬತ್ತು ವರ್ಷದಿಂದ ನಾನು ಬೇರೆ ಏನನ್ನೂ ಮಾಡಿಲ್ಲ."

ಇನ್‌ಸ್ಪೆಕ್ಟರರು ತಿರುಗಿ ನನ್ನನ್ನು ನೋಡಿದರು. ನಾನು ರಿಜಿಸ್ಟರಿನಿಂದ ಮುಖ ಮುಚ್ಚಿಕೊಳ್ಳಲು ಹೋದೆ. ಹೆಡ್‌ಮೇಷ್ಟ್ರು ಮರದಂತೆ ನಿಂತಿದ್ದರು. ಹಿಂದಿನ ದಿನ ತಾವು ಕೊಟ್ಟ ಅಪ್ಪಣೆ ಏನು ಮಾಡಿತೆಂದು ಅವರಿಗೆ ಆಗ ಹೊಳೆದಿರಬೇಕು. "ಕೈ ತೆಗೆಯೋ ಮಾದೇವ," ಎಂದು ಅವರೇ ಹೇಳಿದರು. ಅವರ ದನಿ ಸಣ್ಣದಾಗಿತ್ತು.

ಮಾದೇವ ಮತ್ತೆ ಓದಿದ. ಈಗ ಮೇಷ್ಟ್ರು ಮೇಷ್ಟ್ರಾದರು. ಒಂದು ಅಕ್ಷರ ಜಾರಲು ಬಿಡಲಿಲ್ಲ. ಬಿಟ್ಟ ಸಾಲು ಓದಿಸಿದರು. 'ವ' ತಪ್ಪಿದಲ್ಲಿ ತುಟಿ ಮುಟ್ಟಿ ತೋರಿಸಿದರು. ಇನ್‌ಸ್ಪೆಕ್ಟರರ ಹುಬ್ಬು ಸಡಿಲವಾಗತೊಡಗಿತು. ಆಗ 'ಹಿಸ್ ಹೌಸ್ ಈಸ್ ಆನ್ ದಿ ಹಿಲ್' ಎಂಬ ವಾಕ್ಯ ಬಂತು.

"ಇಸ್ ಔಸ್ ಈಸ್ ಆನ್ ದಿ ಇಲ್," ಎಂದು ಮಾದೇವ ಗಟ್ಟಿಯಾಗಿ, ಸ್ಪಷ್ಟವಾಗಿ, ಧೈರ್ಯವಾಗಿ ಓದಿದ.

ಮೇಷ್ಟ್ರು ಮೆಚ್ಚಿ ತಲೆದೂಗಿದರು.

ಇನ್‌ಸ್ಪೆಕ್ಟರರು ಎರಡನೆಯ ಹುಡುಗನಿಗೆ ಓದಿಸಿದರು. ಅವನದೂ ಇಲ್. ಮೂರನೆಯವನದೂ ಇಲ್. ನಮ್ಮ ಹಳ್ಳಿಯ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ, ಎಲ್ಲರಿಗೂ ಗೊತ್ತು. ಆದರೆ ಬೇರೆ ಮೇಷ್ಟ್ರು ಆಗಿದ್ದರೆ ಇಂಗ್ಲಿಷ್ ಓದುವಾಗಲಾದರೂ ತಿದ್ದುತ್ತಿದ್ದರು. ಹಕಾರಕ್ಕೆ ತುಟಿ ಅಲುಗುವುದಿಲ್ಲ. ಅದು ಬರೀ ಉಸಿರು. ಕಣ್ಣಿಗೆ ಕಾಣುವುದಿಲ್ಲ.

ಇದನ್ನು ಇನ್‌ಸ್ಪೆಕ್ಟರರು ಬಿಡಿಸಿ ಹೇಳಿದಾಗ ಮೇಷ್ಟ್ರು ಮೂವರು ಹುಡುಗರ ಮುಖವನ್ನೂ ಒಂದೊಂದಾಗಿ ನೋಡಿದರು. ಕಿವುಡು ಎಂದು ಒಪ್ಪಿಕೊಂಡಾಗ ಆಗದ ಪೆಟ್ಟು ಆಗ ಆಯಿತು. ಅಷ್ಟು ವರ್ಷದ ಹುಡುಗರನ್ನೆಲ್ಲ ಹಕಾರ ಇಲ್ಲದೆ ಕಳಿಸಿಬಿಟ್ಟೆನಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಆಮೇಲೆ ಮಾದೇವನ ಹತ್ತಿರ ಹೋಗಿ, ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿದರು.

"ಹೌಸ್ ಅನ್ನು."

"ಔಸ್."

"ನನ್ನ ಕೈ ಮೇಲೆ ಊದೋ. ಊದ್ಕೊಂಡು ಅನ್ನು."

"ಹ್ಹೌಸ್!" ಎಂದ ಮಾದೇವ. ತರಗತಿ ನಕ್ಕಿತು. ಮೇಷ್ಟ್ರು ಅಂಗೈಯನ್ನು ಮುಚ್ಚಿ, ಅಲ್ಲಿ ಏನೋ ಸಿಕ್ಕಿದ ಹಾಗೆ ಎತ್ತಿ ತೋರಿಸಿದರು.

"ಸ್ವಾಮಿ," ಎಂದರು ಇನ್‌ಸ್ಪೆಕ್ಟರರಿಗೆ, ಈ ಸಲ ಕನ್ನಡದಲ್ಲಿ. "ಒಬ್ಬ ಹುಡುಗನಿಗೆ ಅಂಗೈ ಸಾಕು. ಇಡೀ ಕ್ಲಾಸಿಗೆ ಒಂದು ಕಿವಿ ಬೇಕು. ಮಿಕ್ಕಿದ್ದೆಲ್ಲ ನನ್ನ ಹತ್ರ ಐತೆ. ತಮ್ಮ ಹಿಂದೆ ಎರಡು ಕಿವಿ ಸುಮ್ನೆ ನಿಂತವೆ. ಓದೋ ಪಾಠದ ಹೊತ್ತಿಗೆ ಅವನ್ನ ನನಗೆ ಕೊಡಿ."

ಇನ್‌ಸ್ಪೆಕ್ಟರರು ಗಡಿಯಾರ ನೋಡಿ ಊಟಕ್ಕೆ ಹೋದರು. ಮೇಷ್ಟ್ರು ಊಟ ಮಾಡಲಿಲ್ಲ. ಖಾಲಿ ತರಗತಿಯಲ್ಲಿ ಕಿಟಕಿಯ ಹತ್ತಿರ ಕುಳಿತಿದ್ದರು. ಹೆಡ್‌ಮೇಷ್ಟ್ರು ಎರಡು ಸಲ ಬಾಗಿಲವರೆಗೆ ಬಂದು, ಎರಡು ಸಲವೂ ಹಾಗೇ ಹಿಂದಕ್ಕೆ ಹೋದರು. ಮೂರನೆಯ ಸಲ ಒಳಗೆ ಬಂದು, ಮೇಷ್ಟ್ರ ಎದುರಿಗೆ, ಬೆಳಕಿನ ಕಡೆ ಮುಖ ಮಾಡಿ ಕುಳಿತರು. "ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸಾಹೇಬರೇ," ಎಂದರು. "ಹೇಳಿದ್ರೆ ನೀವು ನನಗೆ ಆಫೀಸ್ ರೂಮಲ್ಲಿ ಕುರ್ಚಿ ಕೊಡ್ತಿದ್ರಿ ಸಾರ್. ನನಗೆ ಹುಡುಗ್ರ ಬೆಂಚು ಬೇಕಿತ್ತು," ಎಂದರು ಮೇಷ್ಟ್ರು.

ಮೂರು ಗಂಟೆಗೆ ಅಪ್ಪಣೆಯಾಯಿತು. ವಾರ್ಷಿಕ ಪರೀಕ್ಷೆಯವರೆಗೆ ಇಂಗ್ಲಿಷ್ ಓದಿನ ಪಾಠದಲ್ಲಿ ಇಬ್ಬರೂ ಇರಬೇಕು, ಫಲ ನೋಡಿ ಮುಂದಿನದು ತೀರ್ಮಾನ. ಆ ಹೊತ್ತಿಗೆ ನನ್ನ ತರಗತಿಯನ್ನು ಯಾರು ನೋಡುತ್ತಾರೆ ಎಂದು ಇನ್‌ಸ್ಪೆಕ್ಟರರು ಕೇಳಿದರು. "ನಾನು," ಎಂದರು ಹೆಡ್‌ಮೇಷ್ಟ್ರು.

ಹೀಗೆ ನಾನು ಸಾಹೇಬ್ ಮೇಷ್ಟ್ರ ಹಕಾರಕ್ಕೆ ನೇಮಕವಾದೆ. ಕೊನೆಯ ಬೆಂಚಿನಲ್ಲಿ ಕುಳಿತು, ಹಕಾರ ಬಿಟ್ಟುಹೋದಾಗಲೆಲ್ಲ ಸ್ಲೇಟಿನ ಮೇಲೆ ಗೀಟು ಎಳೆದು ಎತ್ತಿ ತೋರಿಸುವುದು ನನ್ನ ಕೆಲಸ. ಹುಡುಗರಿಗೆ ಇದು ಆಟವಾಯಿತು. ಯಾರ ಹೆಸರಿಗೆ ಕಡಿಮೆ ಗೀಟು ಎಂದು ಪಂದ್ಯ. "ಲೋ, ನಂದು ಇವತ್ತು ಒಂದೇ ಗೀಟು ಕಣ್ಲಾ!" ಎಂದು ಸಂತೆಬೀದಿಯಲ್ಲಿ ಕೂಗಿಕೊಂಡು ಓಡುತ್ತಿದ್ದರು. ಪರೀಕ್ಷೆಯಲ್ಲಿ ನಮ್ಮ ಹುಡುಗರು ಚೆನ್ನಾಗಿ ಮಾಡಿದರು. ಆಮೇಲೆ ಬಂದ ಯಾವ ಇನ್‌ಸ್ಪೆಕ್ಟರರೂ ಆ ಅಪ್ಪಣೆಯನ್ನು ತೆಗೆಯಲಿಲ್ಲ. ಊರಿಗೆಲ್ಲ ವಿಷಯ ತಿಳಿದ ಮೇಲೆ ಒಂದು ಬದಲಾವಣೆ ಮಾತ್ರ ಕಂಡೆ. ಬಜಾರಿನಲ್ಲಿ ಅವರು ಬರುತ್ತಿದ್ದರೆ ಜನ ತಾವಾಗಿಯೇ ವಸ್ತ್ರ ಕೆಳಗೆ ಬಿಟ್ಟು, ಮುಖ ಎತ್ತಿ ಮಾತಾಡುತ್ತಿದ್ದರು. ಅವರ ಅಣ್ಣ ಮಾತ್ರ ಮೊದಲಿನಂತೆ ಕಿರುಚುತ್ತಲೇ ಇದ್ದರು.

ನಾನು ಅವರಿಂದ ಪಡೆದದ್ದು ಇಂಗ್ಲಿಷಲ್ಲ. ಒಳ್ಳೆಯ ಕಿವಿ ಇದ್ದೂ ನಾನು ಹುಡುಗರ ಮಾತಿನ ಅರ್ಧಕ್ಕೇ ಉತ್ತರ ಹೇಳುತ್ತಿದ್ದೆ. ಮಿಕ್ಕ ಅರ್ಧ ಇಂಥದೇ ಇರುತ್ತದೆ ಎಂದು ಊಹಿಸಿಬಿಡುತ್ತಿದ್ದೆ. ಅವರು ಊಹಿಸುವಂತಿರಲಿಲ್ಲ. ಮಾತಿನ ಕೊನೆಯ ಅಕ್ಷರ ತುಟಿಯಿಂದ ಇಳಿಯುವವರೆಗೆ ಕಾಯಲೇಬೇಕಾಗಿತ್ತು. ಹಾಗೆ ಯಾರಾದರೂ ಕಾದರೆ ದಡ್ಡ ಎನಿಸಿಕೊಂಡ ಹುಡುಗನೂ ವಾಕ್ಯ ಪೂರ್ತಿ ಮಾಡುತ್ತಾನೆ ಎಂಬುದನ್ನು ನಾನು ಕೊನೆಯ ಬೆಂಚಿನಿಂದ ದಿನವೂ ನೋಡಿದೆ. ಈಗ ನಾನೂ ಕಾಯುತ್ತೇನೆ.

ಹೋದ ತಿಂಗಳ ಜ್ವರ ಹಳೆಯ ಜ್ವರವೇ. ಅದಕ್ಕೆ ಹಿಂದಿನ ಶನಿವಾರದವರೆಗೂ ಪಾಠ ಮಾಡಿದರು. ಮಲಗಿದ ಮೇಲೆ ಒಂದು ಸಂಜೆ ನೋಡಲು ಹೋದರೆ ಕೋಣೆಯಲ್ಲಿ ಲಾಟೀನು ಅವರ ತಲೆಯ ಹತ್ತಿರ ಇತ್ತು. ನಾನು ಅದನ್ನು ಎತ್ತಿ ನನ್ನ ಮುಖದ ಪಕ್ಕ ಹಿಡಿದು, ಆ ದಿನ ಯಾರು ಯಾರು ಏನೇನು ಓದಿದರು ಎಂದು ಒಬ್ಬೊಬ್ಬರನ್ನೇ ಹೇಳಿದೆ. ತಲೆದಿಂಬಿನಿಂದ 'ಮುಂದೆ?' ಎಂದು ಬೆರಳು ಆಡಿಸುತ್ತಿದ್ದರು. ತರಗತಿಯ ಹುಡುಗರೆಲ್ಲ ಮುಗಿಯುವವರೆಗೂ ಹೇಳಿದೆ. "ಚೆನ್ನಾಗ್ ಓದವ್ರೆ," ಎಂದರು. ನನ್ನ ಹತ್ತಿರ ಅವರು ಆಡಿದ ಕೊನೆಯ ಮಾತು ಅದು. ಎರಡು ದಿನದ ಮೇಲೆ ತೀರಿಕೊಂಡರು. ಇಂಗ್ಲಿಷ್ ಕ್ಲಾಸು ಕೊನೆಯವರೆಗೂ ಅವರದಾಗಿಯೇ ಇತ್ತು.

ಮಣ್ಣು ಕೊಟ್ಟು ಬಂದ ಮೇಲೆ, ಒಂದು ವಾರ ಬಿಟ್ಟು, ಅವರ ಅಣ್ಣನ ಹತ್ತಿರ ಕುಳಿತು ಕೇಳಿದೆ. ಕಿವಿ ಚೆನ್ನಾಗಿದ್ದ ಕಾಲದಲ್ಲೂ ಅವರು ಹೀಗೇ ಕೇಳುತ್ತಿದ್ದರೇ, ಇಲ್ಲ ಕಿವಿ ಹೋದ ಮೇಲೆ ಬಂದ ಗುಣವೇ? ಅಣ್ಣ ಸುತ್ತಿಗೆ ಕೆಳಗಿಟ್ಟರು. ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ. "ಚಿಕ್ಕೋನಾಗಿದ್ದಾಗ ನನ್ನ ಮಾತು ಒಂದಾದ್ರೂ ಕೇಳಿದ್ನಾ ಕಣ್ರೀ? ಕೇಳಿದ್ರೆ ಗಾಡಿ ಮಾಡ್ಕೊಂಡು ಇಲ್ಲೇ ಇರ್ತಿದ್ದ." ಹೇಳಿ ಕಣ್ಣು ಒರೆಸಿಕೊಂಡರು. ಇದರಿಂದ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಬರೆಯಲಾರೆ.

ನಾನು ಬಲ್ಲವರು ಕಿವಿ ಹೋದ ಮೇಲಿನ ಮೇಷ್ಟ್ರು ಮಾತ್ರ. ಎನ್. ಬೇಗೂರಿನ ಸ್ಕೂಲಿನಲ್ಲಿ, ಜ್ವರ ಹಿಡಿಯುವ ಮೊದಲಿನ ವರ್ಷಗಳಲ್ಲಿ, ಅವರ ಮುಂದೆ ನಿಂತು ಓದಿದವರು ಕೋಟೆಯ ಕಡೆ, ಗಡಿಯಾಚೆ, ಪಿರಿಯಾಪಟ್ಟಣದ ಕಡೆ ಇದ್ದೇ ಇರುತ್ತಾರೆ. ಅಂಥವರು ಯಾರಾದರೂ ಇದನ್ನು ಓದಿದರೆ, ಹುಣಸೂರಿನ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಎಂದು ವಿಳಾಸ ಹಾಕಿ ಒಂದು ಕಾರ್ಡು ಬರೆಯಬೇಕು. ಈಗ ಆ ಕ್ಲಾಸಿನಲ್ಲಿ ಇರುವವನು ನಾನು. ನೀವು ಓದುವುದು ಅವರಿಗೆ ಚೆನ್ನಾಗಿ ಕೇಳಿಸುತ್ತಿದ್ದಾಗ, ಅವರು ಎಲ್ಲಿ ನಿಂತು ಕೇಳುತ್ತಿದ್ದರು? ಮೇಜಿನ ಹತ್ತಿರವೋ, ನಿಮ್ಮ ಬೆಂಚಿನ ಹತ್ತಿರವೋ? ಅಷ್ಟು ಬರೆದರೆ ಸಾಕು.